ಜಹೀರಾಳ ಸಕ್ಕರೆ ಕಸಿದುಕೊಂಡ ದಿನ

ನಾನು ದುರ್ಗಾ, ಶಲವಡಿ ಹಾದಿಯಲ್ಲಿರುವ ಒಂದು ಸಣ್ಣ ಊರಿನ ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರನ್ನೆಲ್ಲ ಹಿಡಿದು ತಂದು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಸುವುದು ನನ್ನ ಕೆಲಸಗಳಲ್ಲೊಂದು. ಮೊದಮೊದಲು ಯಾರೂ ಬೆರಳು ಕೊಡುತ್ತಿರಲಿಲ್ಲ. ಈಗ ನಾನು ಬರುವುದು ಕಂಡರೆ ಸಾಕು, ಕಟ್ಟೆಯ ಮೇಲೆ ಕುಳಿತವರು ಬಾಯಲ್ಲಿದ್ದ ಪೇಢೆಯನ್ನು ಗಬಕ್ಕನೆ ನುಂಗಿ ಏನೂ ಗೊತ್ತಿಲ್ಲದವರಂತೆ ಕೂರುತ್ತಾರೆ.

"ಸಕ್ಕರಿ ಬ್ಯಾನಿ ಇದ್ದಾವ್ರು ಸಿಹಿ ಮುಟ್ಟಬ್ಯಾಡ್ರಿ." ಮನೆಮನೆಗೆ ಹೋಗಿ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಊರು ಈ ಪಾಠವನ್ನು ಚೆನ್ನಾಗಿ ಕಲಿಯಿತು. ಎಷ್ಟು ಚೆನ್ನಾಗಿ ಎಂದರೆ, ಅದೇ ಪಾಠದಿಂದ ಒಂದು ಮಗುವಿನ ಜೀವ ಹೋಗುವುದರಲ್ಲಿತ್ತು. ಆ ಕಥೆಯನ್ನು ಬೇರೆ ಯಾರೋ ಹೇಳುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು, ಏಕೆಂದರೆ ತಪ್ಪಿನಲ್ಲಿ ನನ್ನ ಪಾಲು ದೊಡ್ಡದು.

ನಮ್ಮೂರಲ್ಲಿ ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವ ಪಂಪು ರಿಪೇರಿ ಮಾಡುವ ಹಾರೂನ್ ಇದ್ದಾನೆ. ಅವನ ಮಗಳು ಜಹೀರಾ, ಹನ್ನೊಂದು ವರ್ಷ, ಊರ ಸರ್ಕಾರಿ ಶಾಲೆಯಲ್ಲಿ ಆರನೇ ಇಯತ್ತೆ. ಬೇಸಿಗೆ ರಜೆಯಲ್ಲಿ ಹುಡುಗಿ ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ಘಳಿಗೆಗೊಮ್ಮೆ ಬಚ್ಚಲಿಗೆ ಓಡತೊಡಗಿದಳು. ಮೈ ಇಳಿದು ಲಂಗ ಸೊಂಟದ ಮೇಲೆ ನಿಲ್ಲದಾಯಿತು. ಬಿಸಿಲಿಗೆ ಹೀಗಾಗಿದೆ ಎಂದು ಮನೆಯವರು ಸುಮ್ಮನಿದ್ದರು. ಕೊನೆಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಗೊತ್ತಾಯಿತು, ಅದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ. ಮಾತ್ರೆ ಸಾಲದು, ದಿನವೂ ಇನ್ಸುಲಿನ್ ಸೂಜಿ ಬೇಕು. ಮಧ್ಯಾಹ್ನದ ಊಟಕ್ಕೆ ಮುಂಚಿನ ಸೂಜಿಯನ್ನು ಶಾಲೆಯಲ್ಲೇ ಹಾಕಿಕೊಳ್ಳಬೇಕು.

ಹುಡುಗಿ ಎರಡೇ ವಾರದಲ್ಲಿ ತಾನೇ ಚುಚ್ಚಿಕೊಳ್ಳಲು ಕಲಿತಳು. ತಾಯಿ ಶಮೀಮಾಬಿ ದಿನವೂ ಅವಳ ಪಾಟಿಚೀಲದಲ್ಲಿ ಸೂಜಿಯ ಡಬ್ಬಿ ಮತ್ತು ಒಂದು ಸಣ್ಣ ಸಕ್ಕರೆ ಪೊಟ್ಟಣ ಇಡುತ್ತಿದ್ದಳು. ಹುಬ್ಬಳ್ಳಿಯ ನರ್ಸಮ್ಮ ಹಾಗೆ ಹೇಳಿ ಕಳಿಸಿದ್ದರು. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆ ಯಾಕೆ ಎಂದು ಶಾಲೆಯವರು ಕೇಳಲಿಲ್ಲ, ಮನೆಯವರು ಹೇಳಲಿಲ್ಲ. ನಾನು ವಿಚಾರಿಸಲೂ ಇಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ. ಬಿಸಿಯೂಟ ಮಾಡುವ ರಾಮವ್ವನ ಸಿಲಿಂಡರ್ ಅನ್ನ ಅರ್ಧ ಬೇಯುವಾಗ ಮುಗಿದುಹೋಯಿತು. ಆಕೆ ಕಟ್ಟಿಗೆ ಹುಡುಕಿ ಒಲೆ ಹಚ್ಚುವಷ್ಟರಲ್ಲಿ ಮುಕ್ಕಾಲು ಗಂಟೆ ತಡವಾಯಿತು. ಜಹೀರಾ ಗಡಿಯಾರ ನೋಡಿ ಎಂದಿನ ಹೊತ್ತಿಗೇ ಸೂಜಿ ಹಾಕಿಕೊಂಡಿದ್ದಳು. ಸೂಜಿ ಒಳಗೆ ಹೋಯಿತು, ಅನ್ನ ಬರಲಿಲ್ಲ. ಹುಡುಗಿ ಬೆವರಿದಳು, ಕೈ ನಡುಗಿತು, ಮಾತು ತೊದಲಿತು. ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದಳು.

ಬಾಜು ಕುಳಿತ ಗೆಳತಿ ಅದನ್ನು ಕಸಿದುಕೊಂಡಳು. "ನಿನಗ ಸಕ್ಕರಿ ಬ್ಯಾನಿ ಐತಿ, ತಿನಬ್ಯಾಡ್ಲೇ. ನಮ್ಮ ಅಜ್ಜಗ ಆಶಾ ಅಕ್ಕ ಹೇಳ್ಯಾಳ."

ಮುಖ್ಯೋಪಾಧ್ಯಾಯಿನಿ ಗಂಗಾ ಅಕ್ಕೋರು ಓಡಿ ಬಂದರು. ಅವರೂ ಪೊಟ್ಟಣ ತಿರುಗಿ ಕೊಡಲಿಲ್ಲ, ನನಗೆ ಫೋನ್ ಹಚ್ಚಿದರು. "ದುರ್ಗಾ, ಹುಡುಗಿ ಸಕ್ಕರಿ ಬೇಡಾಕತ್ತಾಳ, ಕೊಡ್ಲ್ಯೋ ಬ್ಯಾಡೋ?"

ನಾನು ಹೊಲದ ಬದುವಿನ ಮೇಲೆ ನಿಂತು ಠೀವಿಯಿಂದ ಹೇಳಿದೆ, "ಬಿಲ್‌ಕುಲ್ ಕೊಡಬ್ಯಾಡ್ರಿ. ದವಾಖಾನಿಗೆ ಕರಕೊಂಡ ಬರ್ರಿ."

ಸುದ್ದಿ ತಿಳಿದು ಓಡಿಬಂದ ಹಾರೂನ್ ಬೈಕಿನಲ್ಲಿ, ಅಕ್ಕೋರು ಹಿಂದೆ ಹುಡುಗಿಯನ್ನು ಅವಚಿಕೊಂಡು, ಆರೋಗ್ಯ ಕೇಂದ್ರ ಮುಟ್ಟುವಷ್ಟರಲ್ಲಿ ಜಹೀರಾಳಿಗೆ ಎಚ್ಚರ ತಪ್ಪಿತ್ತು. ಡಾಕ್ಟರು ಬೆರಳು ಚುಚ್ಚಿ ನೋಡಿ, ಕೂಡಲೇ ನರಕ್ಕೆ ಗ್ಲೂಕೋಸ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಹುಡುಗಿ ಕಣ್ಣು ಬಿಟ್ಟಳು. ನಾನೂ ಓಡೋಡಿ ಬಂದು ಸೇರಿಕೊಂಡಿದ್ದೆ.

"ಸಕ್ಕರಿ ಈಕಿ ಕೈಯಾಗ ಇತ್ತಂತಲ್ಲ," ಎಂದರು ಡಾಕ್ಟರು. "ಕಸಗೊಂಡಾವ್ರು ಯಾರು? ರಕ್ತದಾಗ ಸಕ್ಕರಿ ಇಳದಾಗ ಸಕ್ಕರೀನ ಔಷಧ. ಇನ್ನೊಂದೀಟು ತಡಾ ಆಗಿದ್ರ ನಾ ಏನೂ ಮಾಡಾಕ ಆಗ್ತಿದ್ದಿಲ್ಲ."

ಅಕ್ಕೋರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ನಾಚಿಕೆ ಎಂದರೇನೆಂದು ಅವತ್ತು ತಿಳಿಯಿತು. ಹತ್ತು ವರ್ಷ ಊರಿಗೆ ಅರ್ಧ ಪಾಠ ಹೇಳಿ, ಪೂರ್ತಿ ಪಾಠ ಹೇಳಿದೆ ಎಂದುಕೊಂಡಿದ್ದೆ.

ಮರುದಿನದಿಂದ ಜಹೀರಾ ಶಾಲೆಗೆ ಬರಲಿಲ್ಲ. ಅವಳ ಅಜ್ಜಿ ಜರೀನಾಬಿ ಬಾಗಿಲಿಗೆ ಅಡ್ಡ ನಿಂತಿದ್ದರು. ಅವರಿಗೂ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತಾರೆ. ಹೀಗಾಗಿ ಈ ಕಾಯಿಲೆಯ ವಿಷಯದಲ್ಲಿ ಆ ಮನೆಯಲ್ಲಿ ಅವರ ಮಾತೇ ಕೊನೆಯದು. ಹುಡುಗಿ ಪಾಪ, ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡೇ ಸೂಜಿ ಚುಚ್ಚಿಕೊಳ್ಳುತ್ತಿದ್ದಳಂತೆ. ಅಜ್ಜಿ ಕರಗಲಿಲ್ಲ.

ಈಗ ನಿಜ ಹೇಳುತ್ತೇನೆ. ಇಂಥ ಮಗು ಮನೆಯಲ್ಲುಳಿದರೆ ಎಷ್ಟೋ ಶಾಲೆಗಳು ಒಳಗೊಳಗೇ ನೆಮ್ಮದಿಯ ಉಸಿರು ಬಿಡುತ್ತವೆ. ನಮಗ್ಯಾಕೆ ಇಲ್ಲದ ಉಸಾಬರಿ ಎಂದು ಹಾಜರಿ ಪುಸ್ತಕದಲ್ಲಿ ಗೀಟು ಎಳೆದು ಸುಮ್ಮನಾಗುತ್ತವೆ. ಗಂಗಾ ಅಕ್ಕೋರೂ ಹಾಗೆ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವರು ಒಂದು ವಾರ ಬಿಟ್ಟು, ಸಂಜೆ ನೋಟುಬುಕ್ಕು ಪೆನ್ನು ಹಿಡಿದು ಹಾರೂನನ ಮನೆಗೆ ಹೊರಟರು. ನನ್ನನ್ನೂ ಎಳೆದುಕೊಂಡು ಹೋದರು.

"ಬುದ್ಧಿ ಹೇಳಾಕ ಬಂದೀರೇನ್ರಿ?" ಎಂದರು ಜರೀನಾಬಿ.

"ಅಲ್ರಿ ಅವ್ವಾರ. ಕಲಿಯಾಕ ಬಂದೇನಿ," ಎಂದು ಅಕ್ಕೋರು ಚಾಪೆಯ ಮೇಲೆ ಕುಳಿತರು. "ಆ ದಿನ ಸಕ್ಕರಿ ಕೊಡದಾಕಿ ನಾನ. ತಪ್ಪು ನಂದು."

"ತಪ್ಪು ನಂದ್ರಿ," ಎಂದೆ ನಾನು.

"ಜಗಳ ಆಮ್ಯಾಲೆ ಆಡೂಣು," ಎಂದರು ಅಕ್ಕೋರು. "ಜಹೀರಾ, ಇಲ್ಲಿ ಬಾ. ಸಕ್ಕರಿ ಇಳದಾಗ ನಿನಗ ಮೊದಲ ಏನಾಕ್ಕತಿ, ಹೇಳು."

ಜಹೀರಾ ಗಾಬರಿಯಾದಳು. ಅಕ್ಕೋರಿಗೆ ಪಾಠ ಹೇಳಿ ರೂಢಿಯಿಲ್ಲ. "ಮೊದಲ ಕೈ ನಡಗ್ತಾವ್ರಿ. ಬೆವರು ಬರತೈತಿ. ಭಾಳ ಹಸಿವಾಕ್ಕತಿ. ಆಮ್ಯಾಲೆ ನೀವು ಮಾತಾಡೂದು ದೂರ ಕೇಳಿಸ್ತೈತ್ರಿ."

"ಆಗ ಏನ್ ಕೊಡಬೇಕು?"

"ಮೂರು ಚಮಚ ಸಕ್ಕರಿ, ಒಂದು ಲೋಟ ನೀರಾಗ ಕಲಸಿ. ಹದಿನೈದು ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಬೇಕ್ರಿ. ಏರಿರದಿದ್ರ ಮತ್ತ ಕೊಡಬೇಕು. ಏರಿದ ಮ್ಯಾಲ ಏನರ ತಿನ್ನಾಕ ಕೊಡಬೇಕು."

"ಎಚ್ಚರ ತಪ್ಪಿದ್ರ?"

"ಆಗ ಬಾಯಾಗ ಏನೂ ಹಾಕಬಾರದ್ರಿ. ಮಗ್ಗಲಾಗಿ ಮಲಗಿಸಿ 108ಕ್ಕ ಫೋನ್ ಮಾಡಬೇಕ್ರಿ."

ಐವತ್ತು ದಾಟಿದ ಆ ಹೆಣ್ಣುಮಗಳು ಒಂದೊಂದನ್ನೂ ಬರೆದುಕೊಂಡರು. ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ತರಿಸಿ ತಮ್ಮ ಬೆರಳನ್ನೇ ಚುಚ್ಚಿಕೊಂಡು ನೋಡಿದರು. ಆ ಚಾಪೆಯ ಮೇಲೆ ಅವರನ್ನು ನೋಡುತ್ತಾ ನನಗೆ ಕಣ್ಣು ತುಂಬಿ ಬಂತು. ಇಪ್ಪತ್ತೈದು ವರ್ಷ ಪಾಠ ಹೇಳಿದವರು ತಮ್ಮ ವಿದ್ಯಾರ್ಥಿನಿಯ ಮುಂದೆ ವಿದ್ಯಾರ್ಥಿನಿಯಾಗುವುದು ಸಣ್ಣ ಮಾತಲ್ಲ.

ಜರೀನಾಬಿ ಮಾತ್ರ ಸುಲಭಕ್ಕೆ ಸೋಲುವವರಲ್ಲ. "ಎಲ್ಲಾ ಖರೇ ಅಕ್ಕೋರ. ಆದರ ಸಾಲ್ಯಾಗ ಎಂಬತ್ತು ಹುಡುಗ್ರು ಅದಾರ, ನೀವು ಮೂರು ಮಂದಿ. ಈಕಿ ಒಬ್ಬಾಕೀನ್ನ ಹೆಂಗ ನೋಡ್ಕೋತೀರಿ? ಮನ್ಯಾಗಾದ್ರ ನನಗ ಈಕಿ ಒಬ್ಬಾಕೀನ ಕೆಲಸ."

ಅಕ್ಕೋರು ಪೆನ್ನಿನ ಟೋಪಿ ಹಾಕಿದರು. "ನೀವು ಬಂದು ಕುಂದರ್ರಿ. ಎಷ್ಟು ದಿನ ಬೇಕು ಅಷ್ಟು ದಿನ ಕುಂದರ್ರಿ. ನಿಮಗ ಒಪ್ಪಿಗಿ ಆಗದಿದ್ರ ನೀವ ಕರಕೊಂಡು ಹೋಗ್ರಿ, ನಾ ಮತ್ತ ಬಾಗಿಲಿಗೆ ಬರೂದಿಲ್ಲ."

ಸೋಮವಾರ ಜರೀನಾಬಿ ಮೊಮ್ಮಗಳ ಕೈ ಹಿಡಿದು ಶಾಲೆಗೆ ಬಂದು, ಆರನೇ ಇಯತ್ತೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಅವರ ಕಣ್ಣು ತಪ್ಪಿಸಿ ಒಂದು ನೊಣ ಒಳಗೆ ಹೋಗುವಂತಿರಲಿಲ್ಲ.

ಅಕ್ಕೋರು ಮೊದಲು ಹುಡುಗಿಯನ್ನೇ ಕೇಳಿದರು, ನಿನ್ನ ಕಾಯಿಲೆಯ ವಿಷಯ ವರ್ಗಕ್ಕೆ ಹೇಳಬಹುದೇ ಎಂದು. "ನಾನ ಹೇಳ್ತೇನ್ರಿ," ಎಂದಳು ಜಹೀರಾ. ಎದ್ದು ನಿಂತು ಹೇಳಿದಳು: ಇದು ಅಂಟುವ ಕಾಯಿಲೆಯಲ್ಲ, ಸಿಹಿ ತಿಂದು ಬಂದದ್ದೂ ಅಲ್ಲ, ಮೈಯಲ್ಲಿ ಇನ್ಸುಲಿನ್ ಆಗುವುದು ನಿಂತಿದೆ, ಅದಕ್ಕೆ ಹೊರಗಿನಿಂದ ಹಾಕಿಕೊಳ್ಳುತ್ತೇನೆ. ಪೊಟ್ಟಣ ಕಸಿದ ಗೆಳತಿ ಅಳತೊಡಗಿದಳು. ಜಹೀರಾ ಅವಳಿಗೆ, "ಅಳಬ್ಯಾಡ, ಕಲಿ," ಎಂದಳಂತೆ. ಆ ಮಾತು ಅಜ್ಜಿಯ ಮಾತಿನಂತೆಯೇ ಇತ್ತು.

ರಾಮವ್ವನ ವಿಷಯ ಹೇಳಲೇಬೇಕು. ತನ್ನ ಅನ್ನ ತಡವಾಗಿದ್ದಕ್ಕೆ ಹುಡುಗಿ ಬಿದ್ದಳೆಂದು ಆಕೆ ಮೂರು ದಿನ ಸರಿಯಾಗಿ ಉಂಡಿರಲಿಲ್ಲ. ಡಾಕ್ಟರನ್ನು ಕೇಳಿ ಒಂದು ಕಟ್ಟಳೆ ಮಾಡಿಕೊಂಡಳು. "ಗಡಿಯಾರ ನೋಡಿ ಸೂಜಿ ಹಾಕ್ಕೋಬ್ಯಾಡ. ನಾ ತಾಟು ನಿನ್ನ ಮುಂದ ಇಟ್ಟ ಮ್ಯಾಲ ಹಾಕ್ಕೋ. ನನ್ನ ಕೈಯಾಗ ಸೌಟು ಕಂಡ ಹೊರತು ಡಬ್ಬಿ ತಗಿಬ್ಯಾಡ." ಅಂದಿನಿಂದ ಮೊದಲ ತಾಟು ಜಹೀರಾಳದು. ಅನ್ನ ಎಷ್ಟು, ಸಾರು ಎಷ್ಟು ಎಂದು ದಿನವೂ ಒಂದೇ ಅಳತೆಯಲ್ಲಿ ಹಾಕುತ್ತಾಳೆ. ಅಕ್ಷರ ಬಾರದ ರಾಮವ್ವನ ಆ ಅಳತೆಯನ್ನು ಡಾಕ್ಟರು ಹೊಗಳಿದರು.

ಪ್ರತಿ ವರ್ಗದಲ್ಲೂ ಒಂದು ಸಕ್ಕರೆ ಡಬ್ಬಿ ಬಂತು. ಅದಕ್ಕೆ ಕೀಲಿಯಿಲ್ಲ. ನೀರು ಕುಡಿಯಲು, ಬಚ್ಚಲಿಗೆ ಹೋಗಲು ಜಹೀರಾ ಅಪ್ಪಣೆ ಕೇಳಬೇಕಿಲ್ಲ. ಮೈ ಸರಿಯಿಲ್ಲ ಎನಿಸಿದರೆ ಒಬ್ಬಳೇ ಹೊರಗೆ ಹೋಗುವಂತಿಲ್ಲ. ಆಟದ ಅವಧಿಗೆ ಮೊದಲು ಬೆರಳು ಚುಚ್ಚಿ ನೋಡಬೇಕು. ಆಟ ಮಾತ್ರ ತಪ್ಪಿಸುವಂತಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಜರೀನಾಬಿ ಕುರ್ಚಿ ಬಿಡಲಿಲ್ಲ. ಮೂರನೇ ದಿನ ನಾನೂ ಅಲ್ಲಿದ್ದೆ. ಗಣಿತದ ಅವಧಿ, ಭಿನ್ನರಾಶಿ ನಡೆದಿತ್ತು. ಜಹೀರಾ ಬರೆಯುವುದು ನಿಲ್ಲಿಸಿ ಬೆಂಚು ಹಿಡಿದುಕೊಂಡಳು. ಜರೀನಾಬಿ ಕುರ್ಚಿಯಿಂದ ಎದ್ದರು. ನಾನು ಅವರ ಸೆರಗು ಹಿಡಿದೆ.

ಅವರು ಹೆಜ್ಜೆ ಇಡುವ ಮೊದಲೇ ಅದೇ ಗೆಳತಿ ಎದ್ದಿದ್ದಳು. ಡಬ್ಬಿ ತಂದಳು. ಹಿಂದಿನ ಬೆಂಚಿನವಳು ಲೋಟದಲ್ಲಿ ನೀರು ತಂದಳು. ಮೂರು ಚಮಚ ಎಣಿಸಿ ಹಾಕಿದರು, ಕಲಸಿದರು, ಕುಡಿಸಿದರು. ಇನ್ನೊಬ್ಬ ಗೋಡೆಯ ಗಡಿಯಾರ ನೋಡಿ ಹಲಗೆಯ ಮೂಲೆಯಲ್ಲಿ ಹೊತ್ತು ಬರೆದ. ಯಾರೂ ಗದ್ದಲ ಮಾಡಲಿಲ್ಲ, ಯಾರೂ ಸುತ್ತುಗಟ್ಟಿ ಅಯ್ಯೋ ಎನ್ನಲಿಲ್ಲ. ಅಕ್ಕೋರು ಅವಳ ಬಾಜು ನಿಂತು ಉಳಿದವರಿಗೆ ಲೆಕ್ಕ ಹೇಳುತ್ತಲೇ ಇದ್ದರು. ಹದಿನೈದು ನಿಮಿಷಕ್ಕೆ ಬೆರಳು ಚುಚ್ಚಿ ನೋಡಿದರು, ಸಕ್ಕರೆ ಏರಿತ್ತು. ಎರಡು ಬಿಸ್ಕೀಟು ತಿನ್ನಿಸಿ, ಇನ್ನೂ ಸ್ವಲ್ಪ ಹೊತ್ತು ಕೂರಿಸಿದರು.

"ಈಗ ಹೆಂಗ ಅನಸ್ತೈತಿ?"

"ಆರಾಮ ಅದೇನ್ರಿ."

"ಹಂಗಾದ್ರ ಹಲಗಿಗೆ ಬಾ. ನಾಲ್ಕನೇ ಲೆಕ್ಕ ಬಿಡಸು."

"ನನಗ ಅದು ಬರಂಗಿಲ್ರಿ."

"ಬರಂಗಿಲ್ಲ ಅಂತನ ಕರದೇನಿ. ಬ್ಯಾನಿ ಐತಂತ ಲೆಕ್ಕ ಮಾಫಿ ಇಲ್ಲ."

ಜಹೀರಾ ಹೋಗಿ ಬರೆದಳು, ತಪ್ಪಿದಳು, ಅಳಿಸಿದಳು. ಎರಡನೇ ಸಲ ಸರಿಯಾಯಿತು. ಜರೀನಾಬಿ ಬಾಗಿಲಲ್ಲಿ ನಿಂತೇ ಇದ್ದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಆಫೀಸು ಕೋಣೆಯಲ್ಲಿಟ್ಟು ಬಂದರು.

"ನಾಳಿ ಬರೂದಿಲ್ಲೇನ್ರಿ?" ಎಂದು ಕೇಳಿದೆ.

"ಯಾಕ ಬರ್ಲಿ? ಮನ್ಯಾಗ ಇಟ್ಕೊಂಡಿದ್ರ ನಾ ಆಕೀನ್ನ ಜ್ವಾಪಾನ ಮಾಡ್ತಿದ್ದೆ, ದುರ್ಗಾ. ಇವ್ರು ಜ್ವಾಪಾನನೂ ಮಾಡಾಕತ್ತಾರ, ದೊಡ್ಡಾಕೀನೂ ಮಾಡಾಕತ್ತಾರ."

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಗು ವಿಪರೀತ ನೀರು ಕುಡಿದು, ಪದೇಪದೇ ಮೂತ್ರಕ್ಕೆ ಹೋಗಿ, ಸೊರಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಸೂಜಿ ಶುರುವಾದ ಮೇಲೆ ಡಾಕ್ಟರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ. ಮಗುವಿಗೆ ಏನಿದೆ, ಏನು ಮಾಡಬೇಕು ಎಂಬುದನ್ನು ಶಾಲೆಗೆ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟರೆ ಕಷ್ಟಪಡುವುದು ಮಗುವೇ. ಶಿಕ್ಷಕರೇ, ನಿಮಗೆ ಎಲ್ಲ ಗೊತ್ತಿರಬೇಕಿಲ್ಲ, ಕೇಳುವ ಮನಸ್ಸಿದ್ದರೆ ಸಾಕು.

ಕಾಯಿಲೆ ಸಕ್ಕರೆಯದೇ ಇರಬಹುದು, ಮೂರ್ಛೆಯದು, ಹೃದಯದ್ದು, ರಕ್ತದ್ದು ಇರಬಹುದು. ನಾಳೆ ನಿಮ್ಮೂರ ಶಾಲೆಗೆ ಹೋಗಿ ಒಂದೇ ಮಾತು ಕೇಳಿ: ಪಟ್ಟಿಯಲ್ಲಿ ಹೆಸರಿದ್ದು, ಕಾಯಿಲೆಯಿಂದ ಬೆಂಚು ಖಾಲಿಯಿರುವ ಮಗು ಯಾವುದು? ಹೆಸರು ಸಿಕ್ಕರೆ ಅಲ್ಲಿಂದ ನಿಮ್ಮ ಮನೆಗೆ ಹೋಗಬೇಡಿ, ನೆಟ್ಟಗೆ ಆ ಮಗುವಿನ ಮನೆಗೆ ಹೋಗಿ.