ಸೆಲ್ಯೂಟಿನ ಕೈ

"ಎತ್ತಸೇ ಅವನ ಕೈನ. ಬೋಳಿಮಗ, ಬಾವುಟ ಏರೋ ಹೊತ್ನಾಗೆ ಹೆಣದಂಗೆ ಕುಂತಾನೆ."

ಛೇರ್ಮನ್ ಮರುಳಸಿದ್ದಪ್ಪನವರು ಬೈದದ್ದು ಮೆಲ್ಲಗೆ. ಪಕ್ಕದಲ್ಲೇ ಜಗಳೂರಿನಿಂದ ಬಂದ ತಹಸೀಲ್ದಾರರಿದ್ದರು. ಶಾಲೆಯ ಅಂಗಳದ ಕುರ್ಚಿಯಲ್ಲಿ ಮಾಜಿ ಸಿಪಾಯಿ ತಿಪ್ಪೇಶಪ್ಪ ಕತ್ತು ವಾಲಿಸಿಕೊಂಡು ಕೂತಿದ್ದ. ಹಿಂದೆ ಹೆಂಡತಿ ದುರುಗಮ್ಮ.

ಎಪ್ಪತ್ತೊಂದರ ಯುದ್ಧ ಕಂಡವನು. ವರ್ಷವಿಡೀ ಊರಬಾವಿಯ ಹತ್ತಿರ ಸುಳಿಯಬಾರದ ಕೇರಿಯವನಿಗೆ ಆಗಸ್ಟ್ ಹದಿನೈದರಂದು ಮಾತ್ರ ಹಾರ. ಮೈ ಮುಟ್ಟದೆ ಮರ್ಯಾದೆ ಮಾಡಲೆಂದು ಛೇರ್ಮನ್ನರು ಒಂದು ಕೋಲು ಇಟ್ಟಿದ್ದರು. ಹಾರ ಅದರ ತುದಿಯಿಂದ ಕೊರಳಿಗೆ ಇಳಿಯುತ್ತಿತ್ತು.

ಅವನದು ನರ ಸಾಯುವ ರೋಗ. ಮೊದಲು ಬೆರಳು ಹೋಯಿತು, ಆಮೇಲೆ ಕಾಲು, ಈಗ ನಾಲಗೆ. ಪಿಂಚಣಿ ಕೇಳಿದರೆ ಮಿಲಿಟರಿ ಡಾಕ್ಟರು, "ಗುಂಡು ಬಿದ್ದಿಲ್ಲ. ರೋಗ ಅವನ ಮೈಯಲ್ಲೇ ಹುಟ್ಟಿದ್ದು, ಸರ್ಕಾರದ್ದಲ್ಲ" ಎಂದರು. ಕೈಕಾಲು ಬಿದ್ದುಹೋಗಿವೆ ಎಂದು ಮತ್ತೆ ಅರ್ಜಿ ಹೋಯಿತು. ಅದೇ ವರ್ಷದ ಬಾವುಟದ ದಿನ, ಗಂಡನ ಮಾನ ಹೋದೀತೆಂದು ದುರುಗಮ್ಮ ಹಿಂದಿನಿಂದ ಮೊಣಕೈಗೆ ಆಸರೆ ಕೊಟ್ಟು ಸೆಲ್ಯೂಟ್ ಹೊಡೆಸಿದಳು. ಚಪ್ಪಾಳೆ ಬಿತ್ತು. ಆಮೇಲೆ ಅರ್ಜಿಗೆ ಉತ್ತರವೂ ಬಂತು: ಕೈ ಚೆನ್ನಾಗಿ ಏಳುತ್ತದೆ, ತಹಸೀಲ್ದಾರರೇ ಕಂಡಿದ್ದಾರೆ.

ಈ ಸಲವೂ ಅವಳು ಕೈ ಎತ್ತಿ ಹಣೆಗೆ ಮುಟ್ಟಿಸಿದಳು. ಛೇರ್ಮನ್ನರ ಮುಖ ಅರಳಿತು. ಬಿಟ್ಟಳು. ಕೈ ಒದ್ದೆ ಬಟ್ಟೆಯಂತೆ ತೊಡೆಯ ಮೇಲೆ ಬಿತ್ತು.

"ಸರಿಯಾಗಿ ಹಿಡ್ಕಳೇ, ರಂಡೆ."

"ನಾ ಹಿಡ್ದಿದ್ಕೇ ಪಿಂಚಣಿ ಹೋತು ಗೌಡ್ರೆ. ಈ ಸಲ ನೀವು ಹಿಡೀರಿ. ಅದ್ರಾಗೆ ಜೀವ ಐತೋ ಇಲ್ಲೋ ಸಾಯೇಬ್ರಿಗೆ ನೀವೇ ಹೇಳಿ."

"ಹೌದಲ್ರೀ," ಎಂದರು ತಹಸೀಲ್ದಾರರು, "ಹಿಡಿದು ನೋಡಿ."

ಛೇರ್ಮನ್ನರು ಪಂಚೆಗೆ ಕೈ ಒರೆಸಿಕೊಂಡರು. ಊರಿಗೆ ಊರೇ ನೋಡುತ್ತಿತ್ತು. ಕೊನೆಗೆ ಹಾರದ ಕೋಲನ್ನೇ ತಿಪ್ಪೇಶಪ್ಪನ ಕಂಕುಳಿಗೆ ಕೊಟ್ಟು ಮೀಟಿದರು, ಬಾವಿಗೆ ಬಿದ್ದ ನಾಯಿಯನ್ನು ಎತ್ತುವ ಹಾಗೆ. ತಿಪ್ಪೇಶಪ್ಪನ ಗಂಟಲಿನಿಂದ ಏನೋ ಸದ್ದು ಹೊರಟಿತು. ಅದು ನಗು ಎಂದು ದುರುಗಮ್ಮನಿಗೆ ಮಾತ್ರ ಗೊತ್ತಾಯಿತು.

ಅವಳು ಕೋಲಿನ ತುದಿ ಹಿಡಿದಳು.

"ಬಿಡೇ."

"ಬಿಡಾಕಿಲ್ಲ."

ಅಷ್ಟರಲ್ಲಿ ಮೇಷ್ಟರು ಸೀಟಿ ಊದಿದರು, ಮಕ್ಕಳು ರಾಷ್ಟ್ರಗೀತೆ ಎತ್ತಿಕೊಂಡರು. ತಹಸೀಲ್ದಾರರು ಸೆಟೆದು ನಿಂತರು. ಇನ್ನು ಯಾರೂ ಅಲುಗಾಡುವಂತಿಲ್ಲ. ಕೋಲಿನ ಒಂದು ತುದಿಯಲ್ಲಿ ಛೇರ್ಮನ್ನರು, ಇನ್ನೊಂದು ತುದಿಯಲ್ಲಿ ದುರುಗಮ್ಮ, ಇಬ್ಬರೂ ಅಟೆನ್ಷನ್ನಿನಲ್ಲಿ. ಕೂತಿದ್ದವನು ತಿಪ್ಪೇಶಪ್ಪ ಒಬ್ಬನೇ.