ವಿರುಪಾಕ್ಷಪ್ಪ ಚಹಾ ಬಿಟ್ಟ ನಾಲ್ಕು ವರ್ಷ

ಬೋರಗಾಂವದ ನಮ್ಮ ಓಣಿಯಲ್ಲಿ ಯಾರ ಮೋಟರ್ ಸುಟ್ಟರೂ ಈಶ್ವರನ ಅಂಗಡಿಗೇ ಬರಬೇಕು. ಮಗ್ಗದ ಮೋಟರ್, ಬೋರಿನ ಮೋಟರ್, ಎಲ್ಲದಕ್ಕೂ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. ಕೆಲಸದಲ್ಲಿ ಜಾಣ, ಎರಡು ಮಾತಿಲ್ಲ. ಆದರೆ ಗೋಡೆಯಾಚೆ ಮನೆಯ ಭೀಮಾಬಾಯಿ ನಾನು, ಒಂದು ಮಾತು ಹೇಳಲೇಬೇಕು. ತಾಮ್ರ ಬಲ್ಲವನು ಹೆಂಡತಿಯ ಮೈಯನ್ನೂ ಬಲ್ಲೆ ಅಂದುಕೊಂಡನಲ್ಲ, ಅಲ್ಲೇ ಎಡವಿದ.

ಹೆಂಡತಿ ದೀಪಾಲಿಗೆ ಎಂಟು ತಿಂಗಳ ಹೆಣ್ಣುಕೂಸು. ಹೊಟ್ಟೆ ಕೊಯ್ದೇ ತೆಗೆದದ್ದು. ಎರಡು ಮೂರು ವರ್ಷ ಮತ್ತೆ ಬಸುರಾಗಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿ ಕಳಿಸಿದ್ದರು. ಹೋದ ತಿಂಗಳು ಮುಟ್ಟು ಎಂಟು ದಿನ ತಡವಾದಾಗ ಆ ಹುಡುಗಿ ನನ್ನ ಹಿತ್ತಲಿಗೆ ಬಂದು ಅತ್ತಳು. "ಕಾಕು, ಇಷ್ಟ ಲಗೂನ ಮತ್ತ ಹೊಟ್ಟಿ ಕೊಯ್ದ್ರ ನಾ ಉಳಿಯೂದಿಲ್ರಿ" ಎಂದಳು. ಎರಡು ದಿನಕ್ಕೆ ಮುಟ್ಟೇನೋ ಬಂತು, ಅವಳ ಅಂಜಿಕೆ ಹೋಗಲಿಲ್ಲ. ಆಶಾ ಕಾರ್ಯಕರ್ತೆ ಸುಜಾತಾಳನ್ನು ಕರೆತಂದವಳು ನಾನೇ.

ಅವತ್ತು ಅವರ ಮನೆಯ ಕಟ್ಟೆಯ ಮೇಲೆ ಎಲ್ಲರೂ ಇದ್ದರು. ಅತ್ತೆ ರುಕ್ಮವ್ವ ಜೋಳ ಹಸನು ಮಾಡುತ್ತಿದ್ದಳು. ಮಾವ ವಿರುಪಾಕ್ಷಪ್ಪ ಬಶಿಗೆ ಚಹಾ ಸುರುವಿಕೊಂಡು ಕುಡಿಯುತ್ತಿದ್ದ. ಹರಕೆ ಹೊತ್ತು ನಾಲ್ಕು ವರ್ಷ ಚಹಾ ಬಿಟ್ಟು ದೇವರಿಂದ ಎರಡನೆಯ ಮಗ ಮಲ್ಲೇಶನನ್ನು ಪಡೆದ ಕಥೆಯನ್ನು ಈ ಮನುಷ್ಯ ಓಣಿಗೆ ನೂರು ಸಲ ಹೇಳಿದ್ದಾನೆ.

ಸುಜಾತಾ ಚೀಲದಿಂದ ಕಾಪರ್-ಟಿ ತೆಗೆದು ತೋರಿಸಿದಳು. ಅರ್ಧ ಬೆರಳಿನಷ್ಟು ಪ್ಲಾಸ್ಟಿಕ್ ಕಡ್ಡಿ, ಅದಕ್ಕೆ ಸಣ್ಣ ತಾಮ್ರದ ಎಳೆ. ಈಶ್ವರ ಹೌಹಾರಿದ.

"ಸುಜಾತಕ್ಕಾ, ತಾಮ್ರದ ಸುದ್ದಿ ನನಗ ಹೇಳಬ್ಯಾಡ್ರಿ! ವೋಲ್ಟೇಜ್ ಏರಿಳಿದ್ರ ಐದು ಎಚ್‌ಪಿ ಮೋಟರ್ ಸುಟ್ಟ ಕರ್ರಗ ಆಕ್ಕೈತಿ. ಈಕಿ ಇದನ್ನ ಹಾಕಿಸಿಕೊಂಡು ಸ್ಟಾರ್ಟರ್ ಒತ್ತಿದ್ಲಂದ್ರ ಮುಗೀತ!"

"ಈಶ್ವರಣ್ಣಾ, ನಿಮ್ಮ ಹೆಂಡ್ತಿ ತ್ರೀ-ಫೇಸ್ ಮೋಟರ್ ಅಲ್ರಿ."

"ಅದು ಮ್ಯಾಲೇರಿ ಎದಿಗೆ ಹೋಗ್ತೈತಂತ."

"ಗರ್ಭಚೀಲದಾಗ ಇರ್ತೈತ್ರಿ. ಅಲ್ಲಿಂದ ಎದಿಗೆ ದಾರಿನ ಇಲ್ಲ."

"ಮುಂದ ಮಕ್ಕಳ ಆಗೂದಿಲ್ಲಂತ!"

"ತೆಗಿಸಿದ್ರ ಆಗ್ತಾವ್ರಿ."

ದೀಪಾಲಿ ಸೆರಗು ಸರಿಮಾಡಿಕೊಂಡಳು. "ಇವ್ರು ಹೇಳೂದು ಖರೇ ಇರಬೇಕ್ರಿ ಅಕ್ಕಾ. ನಾ ಕರೆಂಟ್ ಮುಟ್ಟೂದ ಬ್ಯಾಡ. ಇನ್ನ ಮುಂಜಾನೆ ನೀರಿನ ಮೋಟರ್ ಇವ್ರ ಚಾಲೂ ಮಾಡ್ಲಿ, ಮಿಕ್ಸರದಾಗ ಚಟ್ನಿ ಇವ್ರ ತಿರುವ್ಲಿ, ಇಸ್ತ್ರಿನೂ ಇವ್ರ ಮಾಡ್ಲಿ."

"ಏ, ಅಷ್ಟೆಲ್ಲಾ ಯಾಕ..." ಎಂದು ಈಶ್ವರ ತಲೆ ಕೆರೆದುಕೊಂಡ. ನನಗೆ ನಗು ತಡೆಯಲಾಗಲಿಲ್ಲ.

ಆಗ ರುಕ್ಮವ್ವ ಮೊರ ಕೆಳಗಿಟ್ಟಳು.

"ಲೇ ಈಶ್ಯಾ, ನಿನಗೂ ಮಲ್ಲ್ಯಾಗೂ ಐದು ವರ್ಷದ ಅಂತರ ಹ್ಯಾಂಗ ಬಂತು?"

"ಅಪ್ಪ ಚಹಾ ಬಿಟ್ಟ, ಆಮ್ಯಾಲ ದೇವ್ರು ಕೊಟ್ಟ."

"ನಿಮ್ಮಪ್ಪ ಚಹಾ ಬಿಟ್ಟಿದ್ದ, ಖರೇ. ನಾ ಇದನ್ನ ಹಾಕಿಸಿಕೊಂಡಿದ್ನಿ." ಬೆರಳು ಸುಜಾತಾಳ ಕೈಯತ್ತ ತೋರಿಸುತ್ತಿತ್ತು.

ವಿರುಪಾಕ್ಷಪ್ಪನ ಬಶಿ ಕೈಜಾರಿ ಧೋತರದ ಮೇಲೆ ಬಿತ್ತು.

"ನೀ ಎಂಟ ತಿಂಗಳ ಕೂಸಿದ್ದಾಗ ತವರಮನಿ ಸದಲಗಾಕ್ಕ ಹೋಗಿ ಹಾಕಿಸಿಕೊಂಡ ಬಂದ್ನಿ. ಮೊದಲ ಎರಡ ಮೂರ ತಿಂಗಳ ಮುಟ್ಟು ಜಾಸ್ತಿ ಹೋತು, ಹೊಟ್ಟಿ ಹಿಡೀತು. ಆಮ್ಯಾಲ ಸರಳ ಆತು. ತೆಗಿಸಿದ ವರ್ಷಾನ ಮಲ್ಲ್ಯಾ ಹೊಟ್ಟ್ಯಾಗ ಬಂದ. ಅಷ್ಟೂ ದಿನ ಬಾವಿ ಮೋಟರ್ ನಾನ ಚಾಲೂ ಮಾಡೀನಿ. ಎಷ್ಟ ಸಲ ಸುಟ್ಟೀನಿ, ಹೇಳ?"

"ಹಂಗಾದ್ರ ನನ್ನ ಚಹಾ?" ವಿರುಪಾಕ್ಷಪ್ಪನ ದನಿ ಕೂಸಿನ ದನಿಯಾಗಿತ್ತು. "ನಾಲ್ಕ ವರ್ಷ ಬಿಟ್ಟೀನಲ್ಲಬೇ! ನನಗ ಒಂದು ಮಾತ ಹೇಳಬಾರದಿತ್ತ?"

"ನಿಮ್ಮವ್ವನ ಅಂಜಿಕಿ. ನಿಮ್ಮ ಅಂಜಿಕಿನೂ ಇತ್ರಿ." ರುಕ್ಮವ್ವ ಸೆರಗಿನಿಂದ ಅವನ ಧೋತರದ ಮೇಲಿನ ಚಹಾ ಒರೆಸಿದಳು. "ಹೊಟ್ಟಿ ಹಿಡಿದಾಗ ಯಾರಿಗೂ ಹೇಳಲಾರ್ದ ಗ್ವಾಡಿ ಕಡೆ ಮುಖಾ ಮಾಡಿ ಮಲಗೀನಿ. ಕಳ್ಳರಂಗ ಹೋಗಿ ಬಂದ್ನಿ. ನನ್ನ ಸೊಸಿ ಹಂಗ ಕಳ್ಳತನಲೆ ಹೋಗಬಾರ್ದು."

ಈಶ್ವರ ಹೆಂಡತಿಯ ಮುಖ ನೋಡಿ, "ನಿನಗ ಏನ ಬೇಕ ದೀಪಾ?" ಎಂದ. ಮದುವೆಯಾದ ಮೇಲೆ ಆ ಪ್ರಶ್ನೆಯನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಈ ಕೂಸು ದೊಡ್ಡಾಕಿ ಆಗೂದನ್ನ ನಾ ನೋಡಬೇಕ್ರಿ."

"ಇಲ್ಲಿ ಗಂಡನ ಸಹಿ ಬೇಕಾಗಿಲ್ಲ, ಆಕಿ ಒಪ್ಪಿದ್ರ ಸಾಕು. ಆದ್ರ ನೀವು ಜೋಡಿ ಬಂದ್ರ ಆಕಿಗೆ ಧೈರ್ಯ" ಎಂದಳು ಸುಜಾತಾ.

ಗುರುವಾರ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ತಪಾಸಣೆ ಮಾಡಿ ಕಾಪರ್-ಟಿ ಹಾಕಿದರು. ಕೂಸನ್ನು ಎತ್ತಿಕೊಂಡು ಕುಳಿತವನು ಈಶ್ವರ. ಮನೆಗೆ ಬಂದು ದೀಪಾಲಿ ಲೈಟಿನ ಬಟನ್ ಒತ್ತುವಾಗ ಮಾತ್ರ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಬಲ್ಬು ಹತ್ತಿತು, ಅಷ್ಟೇ. ವಿರುಪಾಕ್ಷಪ್ಪ ಈಗ ಬಿಟ್ಟ ಚಹಾ ಎಲ್ಲ ಕುಡಿದೇ ಸಾಯುತ್ತೇನೆಂದು ಹಟ ಹಿಡಿದಿದ್ದಾನೆ. ರುಕ್ಮವ್ವ ತುಟಿಪಿಟಕ್ಕೆನ್ನದೆ ಮಾಡಿಕೊಡುತ್ತಾಳೆ.

ಅಕ್ಕತಂಗಿಯರೇ, ಕಾಪರ್-ಟಿ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ. ಐದು ವರ್ಷದ್ದೂ ಇದೆ, ಹತ್ತು ವರ್ಷದ್ದೂ ಇದೆ. ಬೇಡವಾದ ದಿನ ಡಾಕ್ಟರ ಕೈಯಿಂದ ತೆಗೆಸಬಹುದು. ಎಲ್ಲರ ಮೈಗೂ ಒಂದೇ ಒಗ್ಗುವುದಿಲ್ಲ; ಬೇರೆ ಸಾಧನಗಳೂ ಇವೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಹಾಕಿಸಿಕೊಂಡ ಮೇಲೆ ಜ್ವರ, ತಡೆಯಲಾರದ ನೋವು, ವಿಪರೀತ ರಕ್ತಸ್ರಾವ ಕಂಡರೆ ಸುಮ್ಮನೆ ಕೂರಬೇಡಿ, ತಕ್ಷಣ ದವಾಖಾನೆಗೆ ಹೋಗಿ. ಅಣ್ಣತಮ್ಮಂದಿರೇ, ನೀವು ಚಹಾ ಬಿಡುವುದೇನೂ ಬೇಡ. ಹೆಂಡತಿಗೂ ಒಂದು ಬಶಿ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ನಿನಗೇನು ಬೇಕು ಎಂದು ಇವತ್ತೇ ಕೇಳಿ.