ಕಳ್ಳನ ಸರದಿ

ಮುಂಗಾರು ತಪ್ಪಿದ ವರ್ಷಗಳನ್ನು ನಾನು ಕಂಡಿದ್ದೇನೆ. ಮದ್ದೂರು ಠಾಣೆಯ ದಫೇದಾರ ಮರಿಸಿದ್ದಯ್ಯ ನಮ್ಮ ಕೊಪ್ಪಕ್ಕೆ ಬರುವುದು ತಪ್ಪಿದ ವರ್ಷವನ್ನು ಮಾತ್ರ ಕಾಣಲಿಲ್ಲ. ಮೇಲಿನ ಸಾಹೇಬರು ಠಾಣೆ ನೋಡಲು ಬರುವ ಹೊತ್ತಿಗೆ ಒಳಗೆ ಒಂದಿಬ್ಬರು ಕಳ್ಳರಾದರೂ ಕೂತಿರಬೇಕು, ಇಲ್ಲದಿದ್ದರೆ ನೀವೆಲ್ಲ ಏನು ಕಡಿಯುತ್ತಿದ್ದೀರಿ ಎಂದು ಕೇಳುತ್ತಾರೆ. ಕಳ್ಳನನ್ನು ಹುಡುಕಿ ಹಿಡಿಯುವುದೋ ಮೈಮುರಿಯುವ ಕೆಲಸ. ಓಡಬೇಕು, ಬದು ಹಾರಬೇಕು, ಪಟ್ಟಿ ಸುತ್ತಿದ ಕಾಲಿಗೆ ಕೆಸರಾಗುತ್ತದೆ. ಅದಕ್ಕೇ ಮರಿಸಿದ್ದಯ್ಯ ಒಂದು ಸಲೀಸಾದ ಏರ್ಪಾಡು ಮಾಡಿಕೊಂಡಿದ್ದ. ಕಾಲುವೆ ನೀರು ನಮ್ಮೂರಲ್ಲಿ ಯಾವ ಮನೆಯ ಗದ್ದೆಗೆ ಯಾವ ಸರದಿಯಲ್ಲಿ ಹೋಗುತ್ತಿತ್ತೋ ಅದೇ ಸರದಿಯಲ್ಲಿ ಒಂದೊಂದು ಮನೆಯವರು ಒಬ್ಬ ಗಂಡಸನ್ನು ಕಳ್ಳನಾಗಿ ಕೊಡಬೇಕು. ಹೋದವನು ಇಸ್ಪೀಟಾಡಿದೆ ಎಂದೋ ಕೋಳಿ ಕದ್ದೆ ಎಂದೋ ಒಪ್ಪಿಕೊಂಡು, ಲಾಕಪ್ಪಿನಲ್ಲಿ ಮಲಗೆದ್ದು, ಊರೊಟ್ಟಿನ ದುಡ್ಡಿನಲ್ಲಿ ದಂಡ ಕಟ್ಟಿ, ನೆಂಟರ ಮನೆಗೆ ಹೋಗಿ ಬಂದವನ ಹಾಗೆ ಬಂದುಬಿಡುತ್ತಿದ್ದ.

ಇದಕ್ಕೆ ಊರಿನ ಯಜಮಾನರು ಏನಾದರೂ ಅಂದರೇ? ಅನ್ನುವ ಬಾಯಿದ್ದರೆ ತಾನೆ. "ಎಲ್ಡು ದಿನದ ಮಾತು, ಓಗ್ ಬರ್ಲಿ ಬುಡ್ರಲಾ" ಎಂದರು ಪಟೇಲರು. ಪಟೇಲರ ಗದ್ದೆಗೆ ನೀರು ಸರದಿಯಿಲ್ಲದೆಯೇ ಹೋಗುತ್ತಿತ್ತು. ಹಾಗಾಗಿ ಅವರ ಮನೆಗೆ ಕಳ್ಳನ ಸರದಿಯೂ ಬರುತ್ತಿರಲಿಲ್ಲ.

ಆಮೇಲೆ ಯುದ್ಧ ಬಂತು, ಅದರ ಬೆನ್ನಿಗೇ ನಲವತ್ತೆರಡರ ಚಳವಳಿ ಬಂತು. ಕೋಳಿ ಕಳ್ಳರು ಸಾಹೇಬರ ನಾಲಗೆಗೆ ಸಪ್ಪೆಯಾದರು, ಚಳವಳಿಗಾರರು ಬೇಕೆಂದರು. ಆ ಸಲ ಸರದಿಯ ಮೇಲೆ ಹೋದವನು ಕೆಂಪಸಿದ್ದಯ್ಯ. ಕರಪತ್ರ ಹಂಚಿದ್ದೇನೆ ಎಂದು ಒಪ್ಪಿಕೊಂಡ. ಅವನಿಗೆ ಅಕ್ಷರವೇ ಬರುತ್ತಿರಲಿಲ್ಲ. ಜೊತೆಗಾರರ ಹೆಸರು ಹೇಳು ಎಂದು ಬೆರಳ ಗಿಣ್ಣಿನ ಮೇಲೆ ಲಾಠಿಯಲ್ಲಿ ಕುಟ್ಟಿದರು. ಇಲ್ಲದ ಜೊತೆಗಾರರನ್ನು ಅವನು ಎಲ್ಲಿಂದ ತರಬೇಕು? ಜೈಲಿನಿಂದ ಬಂದವನಿಗೆ ಬಲಗೈ ಮುಷ್ಟಿ ಕೂಡುವುದಿಲ್ಲ, ಕುಡುಗೋಲು ನಿಲ್ಲುವುದಿಲ್ಲ. ಈಗಲೂ ಮುದ್ದೆಯನ್ನು ಎಡಗೈಯಲ್ಲೇ ಮುರಿಯುತ್ತಾನೆ.

ಮಾರನೆಯ ವರ್ಷ ಕಬ್ಬು ಅರೆಯುವ ಕಾಲದಲ್ಲಿ, ಗೆಜ್ಜಲಗೆರೆಯ ಹತ್ತಿರ ರೈಲು ಹಾದಿಯ ಪಕ್ಕದ ತಂತಿಯನ್ನು ಯಾರೋ ಕತ್ತರಿಸಿದರು. ಕತ್ತರಿಸಿದ್ದು ಗೆಜ್ಜಲಗೆರೆಯಲ್ಲಿ, ಕಳ್ಳ ಬೇಕಾದದ್ದು ಕೊಪ್ಪದಲ್ಲಿ. ಮರಿಸಿದ್ದಯ್ಯ ಬಂದು ಹೊಂಬಾಳಮ್ಮನ ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದ.

ಹೊಂಬಾಳಮ್ಮ ವಿಧವೆ. ಒಂದು ಆಲೆಮನೆ, ಒಬ್ಬನೇ ಮಗ ಶಿವಣ್ಣ, ಇಷ್ಟೇ ಅವಳ ಬದುಕು.

"ಈ ಸಲ ನಿಮ್ಮನೇದು ಕಣಮ್ಮ" ಎಂದ ದಫೇದಾರ. "ಸೋಮವಾರ ಬತ್ತೀನಿ, ಸಿವಣ್ಣನ್ನ ಉಣ್ಣಾಕಿಕ್ಕಿ ಸಿದ್ಧ ಮಾಡಿರು."

"ನನ್ ಮಗ ಆ ತಂತೀನ ಕಣ್ಣಲ್ಲೂ ಕಂಡಿಲ್ಲ ಸ್ವಾಮಿ."

"ಅದ್ಕೇನಂತೆ, ನಾವ್ ತೋರುಸ್ತೀವಿ."

ಹೀಗೆಂದು ಅವಳದೇ ಆಲೆಮನೆಯ ಒಂದು ಅಚ್ಚು ಬೆಲ್ಲವನ್ನು ಚೀಲಕ್ಕೆ ಹಾಕಿಕೊಂಡು ಹೋದ. ಆ ಮನುಷ್ಯನಿಗೆ ಬೆಲ್ಲ ಹೇಗೆ ಗಂಟಲಲ್ಲಿ ಇಳಿಯುತ್ತಿತ್ತೋ!

ನಮ್ಮ ಮನೆ ಹೊಂಬಾಳಮ್ಮನ ಮನೆಗೆ ಅಂಟಿಕೊಂಡೇ ಇತ್ತು, ನೀರಿನ ಸರದಿಯಲ್ಲೂ ಅದರ ಹಿಂದೆಯೇ ಇತ್ತು. ಅವಳು ಮಗನನ್ನು ಎಲ್ಲಾದರೂ ಅಟ್ಟಿಬಿಟ್ಟರೆ ನಾನು ಹೋಗಬೇಕು. ಆದ್ದರಿಂದ ಆ ದಿನಗಳಲ್ಲಿ ನಾನು ಅವಳ ಆಲೆಮನೆ ಬಿಟ್ಟು ಕದಲಲಿಲ್ಲ. ಗಂಡ ಪ್ಲೇಗಿನಲ್ಲಿ ಹೋದಾಗಲೂ ಎದೆ ಗಟ್ಟಿ ಮಾಡಿಕೊಂಡಿದ್ದ ಹೆಂಗಸು ಕೊಪ್ಪರಿಗೆಯ ಮುಂದೆ ಕೂತು ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಶಿವಣ್ಣ ತನ್ನ ಬಲಗೈ ಬೆರಳುಗಳನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ.

ಅಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದವನು ಮಾರಣ್ಣ. ಅವನ ಸಂಗತಿ ಹೇಳಬೇಕು. ಅವನು ಬೆಂಗಳೂರಿನ ಯುದ್ಧಕೈದಿಗಳ ಶಿಬಿರದಿಂದ ತಪ್ಪಿಸಿಕೊಂಡು ಬಂದವನು. ಐದು ತಿಂಗಳ ಹಿಂದೆ ಜ್ವರ ಹತ್ತಿ ಹೊಂಬಾಳಮ್ಮನ ಕಬ್ಬಿನ ಗದ್ದೆಯಲ್ಲಿ ಬಿದ್ದಿದ್ದ. ಅವಳು ಗಂಜಿ ಕುಡಿಸಿ ಎಬ್ಬಿಸಿ, ಒಲೆಯ ಮುಂದೆ ಕೂರಿಸಿದಳು. ಹೆಸರು ಮಾರ್ಕ್ ಎಂದ, ನಾವು ಮಾರಣ್ಣ ಎಂದೆವು. ಇಟಲಿಯವರ ದಂಡಿನ ಜೊತೆ ಸಿಕ್ಕಿಬಿದ್ದಿದ್ದರೂ ಇಟಲಿಯವನಲ್ಲ. ಬಾಲ್ಕನ್ ಸೀಮೆಯ ಒಂದು ಪುಟ್ಟ ದೇಶದವನು. ನಮ್ಮ ಮೈಸೂರು ಸಂಸ್ಥಾನದ ಅರ್ಧದಷ್ಟೂ ಇಲ್ಲವಂತೆ. ಆ ದೇಶದ ಹೆಸರು ನಮ್ಮ ಯಾರ ಬಾಯಲ್ಲೂ ನಿಲ್ಲಲಿಲ್ಲ. ಅಲ್ಲಿ ಅವನು ರಾಜನ ಪೊಲೀಸ್ ಪಡೆಯಲ್ಲಿದ್ದ. ಇಟಲಿಯವರು ಹಡಗಿನಿಂದ ಇಳಿದ ದಿನ ರಾಜ ಓಡಿಹೋದ, ಪೊಲೀಸರು ಟೋಪಿಯ ಬಿಲ್ಲೆ ಬದಲಾಯಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಕೂತರು. ಇದನ್ನು ಅವನೇ ನಗುತ್ತಾ ಹೇಳಿದ್ದ. ಶಿಬಿರದ ಕಾವಲಿನವರಿಂದ ಒಂದಿಷ್ಟು ಹಿಂದೂಸ್ಥಾನಿ ಕಲಿತಿದ್ದ. ಗಾಣದ ಕಬ್ಬಿಣ ರಿಪೇರಿಗೆ ಮದ್ದೂರಿನಿಂದ ಬರುತ್ತಿದ್ದ ಮೆಹಬೂಬ್ ಪಾಷಾ ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದ.

ಅವತ್ತು ಪಾಷಾ ಗಾಣ ಬಿಚ್ಚಿಕೊಂಡು ಕೂತಿದ್ದ. ಅಮ್ಮ ಯಾಕೆ ಅಳುತ್ತಾಳೆ ಎಂದು ಮಾರಣ್ಣ ಕೇಳಿದ. ಪಾಷಾ ಸರದಿಯ ಕಥೆಯನ್ನೆಲ್ಲ ಹೇಳಿದ. ಮಾರಣ್ಣ ಕೇಳಿದವನೇ ತೊಡೆ ತಟ್ಟಿಕೊಂಡು ನಕ್ಕುಬಿಟ್ಟ.

"ಏನ್ಲಾ ನಗ್ತೀಯ, ನನ್ ಕೈ ಮುರಿಯೋದು ನಿಂಗೆ ನಗೆನೇನ್ಲಾ?" ಎಂದು ಶಿವಣ್ಣ ಎದ್ದ.

"ತಡಿಯೋ, ತಡಿ" ಎಂದ ಪಾಷಾ. "ಅವ್ರ ದೇಸದಾಗೂ ಇದೇ ಇತ್ತಂತೆ ಕಣೋ. ಅಲ್ಲಿ ಸರದಿ ನೀರಿನ ಮ್ಯಾಲಲ್ಲ, ಮನೆ ಒಲೆ ಒಗೆ ಲೆಕ್ಕದ ಮ್ಯಾಲಂತೆ. ಈಗ ಏನೋ ಕೇಳ್ತಾವ್ನೆ. ನಾನು ಓಡಿ ಬಂದಾಗ ಈ ದಫೇದಾರ ನನ್ನ ಉಡುಕಿದ್ನಾ ಅಂತಾನೆ."

ಹುಡುಕದೆ ಏನು? ಆಗ ಎಲ್ಲ ಠಾಣೆಗಳಿಗೂ ಹುಕುಂ ಬಂದಿತ್ತು. ಮರಿಸಿದ್ದಯ್ಯ ಇದೇ ಆಲೆಮನೆಗೆ ಬಂದು, ಬಿಸಿ ಬೆಲ್ಲ ತಿಂದು, ಕಬ್ಬಿನ ಹಾಲು ಕುಡಿದು, ಒಲೆಯ ಕಡೆ ಬೆನ್ನು ಹಾಕಿ ಒಂದು ನಿದ್ದೆ ತೆಗೆದಿದ್ದ. ಒಲೆಯ ಮುಂದೆ ಮಸಿ ಬಳಿದುಕೊಂಡು ನಮಗಿಂತ ಕಪ್ಪಾಗಿ ಕೂತಿದ್ದ ಮಾರಣ್ಣನನ್ನು ತಿರುಗಿಯೂ ನೋಡಿರಲಿಲ್ಲ. ಆಮೇಲೆ ಹೋಗಿ, ನನ್ನ ಸರಹದ್ದಿನಲ್ಲಿ ಮನೆ ಮನೆ ಜಾಲಾಡಿದ್ದೇನೆ, ಪರದೇಶಿಯ ನೆರಳೂ ಇಲ್ಲ ಎಂದು ಸಾಹೇಬರಿಗೆ ಸೆಲ್ಯೂಟು ಹೊಡೆದಿದ್ದ.

ಇದನ್ನು ಕೇಳಿ ಮಾರಣ್ಣ ಎದ್ದು ಕೈ ಒರೆಸಿಕೊಂಡ. ಅವನು ಹೇಳಿದ್ದನ್ನು ಪಾಷಾ ಒಂದೊಂದೇ ಮಾತಾಗಿ ನಮಗೆ ದಾಟಿಸಿದ.

"ಅಂಗಾರೆ ನನ್ನೇ ಕೊಟ್ಬುಡಿ ಅಂತಾನೆ ಅಕ್ಕ. ನಾನು ವರ್ಸಗಟ್ಲೆ ಪೊಲೀಸಾಗಿದ್ದೋನು, ನಂಗೊತ್ತು ಅಂತಾನೆ. ಸುಳ್ಳು ಕಳ್ಳನ್ನ ಇಡ್ಕೊಂಡೋಗಾಕೆ ಪೊಲೀಸ್ನೋನು ಎದ್ರಾಕಿಲ್ಲ. ನಿಜವಾದ ಕಳ್ಳ ಎದುರು ಬಂದು ನಿಂತ್ರೆ ಉಚ್ಚೆ ಉಯ್ಕತಾನೆ. ಯಾಕಂದ್ರೆ, ಇಷ್ಟ್ ದಿನ ನೀನೆಲ್ಲಿದ್ದೆ ಅಂತ ಮೇಲಿನೋರು ಕೇಳೋದು ಕಳ್ಳನ್ನಲ್ಲ, ಪೊಲೀಸ್ನ."

ಹೊಂಬಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಅವನನ್ನು ದಿಟ್ಟಿಸಿದಳು. "ಅಕಸ್ಮಾತ್ ಇಡ್ಕೊಂಡೇ ಓದ್ರೆ?" ಎಂದಳು.

"ಇಡ್ಕೊಳಾಕಿಲ್ವಂತೆ" ಎಂದ ಪಾಷಾ. "ಆಣೆ ಮಾಡ್ತಾವ್ನೆ."

ಸೋಮವಾರ ಮರಿಸಿದ್ದಯ್ಯ ಹಗ್ಗ ತಂದ. ಶಿವಣ್ಣನ ತೋಳಿಗೆ ಕೈ ಹಾಕಿದ. ಅಷ್ಟರಲ್ಲಿ ಆಲೆಮನೆಯ ಒಳಗಿಂದ ಮಾರಣ್ಣ ಹೊರಬಂದ. ಮುಖ ಕೈ ಉಜ್ಜಿ ತೊಳೆದು ಸುಣ್ಣದ ಗೋಡೆಯಂತೆ ಬೆಳ್ಳಗಾಗಿದ್ದ. ಹಿಮ್ಮಡಿಗೆ ಹಿಮ್ಮಡಿ ಬಡಿದು ಸೆಲ್ಯೂಟು ಹೊಡೆದು, ಎರಡೂ ಕೈ ಜೋಡಿಸಿ ಮುಂದೆ ಚಾಚಿದ. ದಫೇದಾರನ ಕೈ ತಾನಾಗಿ ಎದ್ದು ಸೆಲ್ಯೂಟು ಹಿಂದಿರುಗಿಸಿತು. ಬೆಳ್ಳಗಿನ ಮುಖ ಕಂಡರೆ ಆ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

"ಯಾ... ಯಾರಮ್ಮ ಇವ್ನು?"

"ಕಳ್ಳ ಕಣ್ ಸ್ವಾಮಿ" ಎಂದಳು ಹೊಂಬಾಳಮ್ಮ. "ನಮ್ಮನೆ ಸರದಿ ಅಲ್ವಾ? ಇವನ್ನೇ ಕರ್ಕೊಂಡ್ ಓಗಿ. ಬೆಂಗ್ಳೂರಿಂದ ಓಡ್ ಬಂದೋನು. ನೀವು ಅವತ್ತು ಬೆಲ್ಲ ತಿಂದು ಗೊರ್ಕೆ ಒಡೀತಿದ್ರಲ್ಲ, ಆಗ ನಿಮ್ ಬೆನ್ನಿಂದೆ ಒಲೆ ಉರುಸ್ತಿದ್ದೋನು ಇವ್ನೇ. ನಾನೂ ಬತ್ತೀನಿ ನಡೀರಿ. ಸಾಹೇಬ್ರ ಮುಂದೆ ಎಲ್ಲಾನೂ ಏಳ್ತೀನಿ."

"ಬ್ಯಾಡ ಬ್ಯಾಡ! ಇವ್ನು ಬ್ಯಾಡ!"

"ಯಾಕ್ ಸ್ವಾಮಿ? ಸಿವಣ್ಣ ಆದ್ರೆ ನೀವೇ ಕಳ್ಳನ್ ಮಾಡ್ಬೇಕು. ಇವ್ನು ಆಗೇ ಬಂದವ್ನೆ."

ಮಾರಣ್ಣ ಒಂದು ಹೆಜ್ಜೆ ಮುಂದಿಟ್ಟ. ದಫೇದಾರ ಎರಡು ಹೆಜ್ಜೆ ಹಿಂದಿಟ್ಟ. ಹಗ್ಗ ಕೈಯಿಂದ ಜಾರಿತು. ಮಾರಣ್ಣ ಅದನ್ನು ಎತ್ತಿ ಭಕ್ತಿಯಿಂದ ಅವನ ಕೈಗೇ ಕೊಡಲು ಹೋದ. ಮರಿಸಿದ್ದಯ್ಯ ಸೈಕಲ್ಲು ಹತ್ತಿದ. ಕೈ ಚಾಚಿಕೊಂಡ ಕಳ್ಳ ಹಿಂದೆ, ತುಳಿಯುತ್ತಾ ಏದುತ್ತಾ ಪೊಲೀಸು ಮುಂದೆ, ಅವರ ಹಿಂದೆ ಇಡೀ ಕೊಪ್ಪ. "ಇಡ್ಕೊಳ್ಳಿ ಸ್ವಾಮಿ, ಇಡ್ಕೊಳ್ಳಿ!" ಎಂದು ಹೆಂಗಸರು ಕೂಗಿದರು. "ಇಂದುಕ್ಕೋಗಪ್ಪ, ನಿನ್ ದಮ್ಮಯ್ಯ!" ಎಂದು ದಫೇದಾರ ಅಂಗಲಾಚಿದ. ಕೆರೆ ಏರಿಯ ತಿರುವಿನಲ್ಲಿ ಅವನ ಪೇಟ ಹಾರಿ ಬಿತ್ತು. ಅದನ್ನೂ ಎತ್ತಿಕೊಳ್ಳಲಿಲ್ಲ. ಕೆಂಪಸಿದ್ದಯ್ಯ ಅದನ್ನು ಎಡಗೈಯಲ್ಲಿ ಎತ್ತಿ ತಂದು ಆಲೆಮನೆಯ ಗೂಟಕ್ಕೆ ತಗುಲಿಹಾಕಿದ. ಅಷ್ಟು ನಗುವನ್ನು ನಾನು ಆಮೇಲೆ ಎಂದೂ ನಕ್ಕಿಲ್ಲ.

ಸಂಜೆ ಹೊಂಬಾಳಮ್ಮ ಮುದ್ದೆ, ಉಪ್ಸಾರು ಮಾಡಿ, ಮಾರಣ್ಣನ ಮುದ್ದೆಗೆ ಬೆಣ್ಣೆ ಹಾಕಿ ಬಡಿಸಿದಳು. ಪಾಷಾ ಕೂಡ ಉಳಿದಿದ್ದ. "ಅಲ್ಲಾ, ಇವ್ನಿಗೆ ಅಷ್ಟು ಕರಾರುವಾಕ್ಕಾಗಿ ಎಂಗ್ ಗೊತ್ತಾಯ್ತು ಕೇಳು" ಎಂದಳು ನಗುತ್ತಾ.

ಮಾರಣ್ಣನೂ ನಗುತ್ತಲೇ ಹೇಳತೊಡಗಿದ. ಒಂದು ಸಲ ಅವರ ಗುಡ್ಡಗಾಡಿನಲ್ಲಿ ಒಬ್ಬ ಡಕಾಯಿತನಿಗಾಗಿ ಎಲ್ಲ ಪೊಲೀಸರೂ ಹುಡುಕುತ್ತಿದ್ದರಂತೆ. ಅವನು ಬಂದೂಕು ಕೆಳಗಿಟ್ಟು ಇವನೆದುರು ಬಂದು ನಿಂತನಂತೆ. ಅಷ್ಟು ದಿನವೂ ಅವನು ಇವನ ಠಾಣೆಯ ಹಿಂದಿನ ಕೊಟ್ಟಿಗೆಯಲ್ಲೇ ಇದ್ದನಂತೆ. ಇದು ಹೊರಬಿದ್ದರೆ ಕೆಲಸ ಹೋಯಿತು ಎಂದು ಇವನು ಓಡಿಹೋದನಂತೆ. ಪಾಷಾ ಇಷ್ಟನ್ನು ಹೇಳಿದಾಗ ಎಲ್ಲರೂ ಮತ್ತೆ ನಕ್ಕೆವು. ಆಮೇಲೆ ಮಾರಣ್ಣ ಇನ್ನೂ ಒಂದು ಮಾತು ಹೇಳಿದ. ಪಾಷಾ ಅದನ್ನು ದಾಟಿಸದೆ ಮುದ್ದೆ ಮುರಿಯತೊಡಗಿದ.

"ಅದೇನ್ ಅಂದ ಏಳೋ" ಎಂದಳು ಹೊಂಬಾಳಮ್ಮ.

"ಸಾಹೇಬ್ರ ಮುಂದೆ ಬರಿಗೈಲಿ ಓಗಾಕಾಯ್ತದಾ ಅಂತಾನೆ ಅಕ್ಕ. ದಾರೀಲಿ ಒಂದ್ ಮನೆ ಇತ್ತಂತೆ. ಸರದಿ ಅವ್ರದಾಗಿತ್ತಂತೆ. ಒಬ್ಬಳು ತಾಯಿ, ಒಬ್ಬ ಮಗ. ಆ ಉಡುಗನ್ನ ಡಕಾಯಿತ ಅಂತ ಕರ್ಕೊಂಡೋಗಿ ಒಪ್ಸಿದ್ನಂತೆ."

"ಆಮ್ಯಾಕೆ?"

"ಗುಂಡಾಕಿದ್ರಂತೆ."

ಹೊಂಬಾಳಮ್ಮ ಮಾರಣ್ಣನ ಮುಖವನ್ನೇ ನೋಡುತ್ತಾ, "ಆ ಮಗೀನ್ ಎಸ್ರೇನು ಕೇಳು" ಎಂದಳು.

ಪಾಷಾ ಕೇಳಿದ. ಮಾರಣ್ಣ ಯೋಚಿಸಿದ, ತಲೆ ಕೆರೆದುಕೊಂಡ, ಹೆಗಲು ಕುಣಿಸಿದ.

"ಗೊತ್ತಿಲ್ವಂತೆ. ಡಕಾಯಿತನ ಎಸ್ರಲ್ಲೇ ಒಪ್ಸಿದ್ನಂತೆ. ಅವನದ್ದು ಕೇಳ್ಲಿಲ್ವಂತೆ."

"ಎಸ್ರೂ ಕೇಳ್ಲಿಲ್ವಂತಾ?" ಎಂದಳು. ಬೆಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಉಂಡು ಏಳು ಅನ್ನು. ತಟ್ಟೆ ಮುಂದಿಂದ ಎಬ್ಬುಸ್ಬಾರ್ದು. ಬೆಳಿಗ್ಗೆ ಇಲ್ಲಿರಬಾರ್ದು. ನನ್ ಮಗನ್ನ ಉಳಿಸ್ದ, ಕಾಲಿಗ್ ಬೀಳ್ತೀನಿ. ಆದ್ರೆ ಇವ್ನ್ ಕೈಗೆ ಇನ್ನೊಂದ್ ತುತ್ತು ಇಕ್ಕಾಕೆ ನನ್ ಕೈಯಿಂದ ಆಗಾಕಿಲ್ಲ" ಎಂದಳು.

ಮಾರಣ್ಣ ಉಂಡ. ಬೆಳಿಗ್ಗೆ ಹೊರಟುಹೋದ.

ಆ ವಾರದ ಕೊನೆಗೆ ಪಾಷಾ ಸುದ್ದಿ ತಂದ. ಮಾರಣ್ಣ ತಾನಾಗಿ ಠಾಣೆಗೆ ಹೋದನಂತೆ, ಮರಿಸಿದ್ದಯ್ಯ ಅವನನ್ನು ಕಂಡೊಡನೆ ಒಳಗಿಂದ ಅಗುಳಿ ಹಾಕಿಕೊಂಡನಂತೆ. ಮಂಡ್ಯಕ್ಕೆ ಹೋಗು, ನಿನ್ನದು ನಮ್ಮ ಸರಹದ್ದಲ್ಲ ಎಂದು ಕಿಟಕಿಯಿಂದ ಹೇಳಿದನಂತೆ. ಕೊನೆಗೆ ಅವನೇ ರೈಲು ಹತ್ತಿ ಬೆಂಗಳೂರಿನ ಶಿಬಿರದ ಬಾಗಿಲಿಗೆ ಹೋಗಿ ನಿಂತಿರಬೇಕು. ನಾವು ನಕ್ಕೆವು. ಹೊಂಬಾಳಮ್ಮ ನಗಲಿಲ್ಲ.

"ತಂತಿ ಕೇಸು ಏನಾಯ್ತು?" ಎಂದಳು.

"ಮುಗೀತಕ್ಕ. ಮಳವಳ್ಳಿ ಕಡೆಯಿಂದ ಕಬ್ಬು ಕಡಿಯೋಕೆ ಬಂದಿದ್ದೋನು ಒಬ್ಬ ಸಿಕ್ಕಿದ್ನಂತೆ. ಅವನ್ನೇ ಒಳಗಾಕಿದ್ರು."

ನನ್ನ ಎದೆ ಹಗುರಾಯಿತು. ಮುಂದಿನ ಸರದಿ ನಮ್ಮದಾಗಿತ್ತಲ್ಲ.

"ಎಸ್ರೇನು?" ಎಂದಳು ಹೊಂಬಾಳಮ್ಮ.

"ಯಾರ್ದು?"

"ಆ ಕಬ್ಬು ಕಡಿಯೋನ್ದು."

ಪಾಷಾ ಕೈಲಿದ್ದ ಸುತ್ತಿಗೆಯನ್ನು ನೋಡಿಕೊಂಡ. "ಗೊತ್ತಿಲ್ಲಕ್ಕ" ಎಂದ. ಅವಳು ನನ್ನ ಕಡೆ ತಿರುಗಿದಳು. ನನಗೂ ಗೊತ್ತಿರಲಿಲ್ಲ.

ಹೊಂಬಾಳಮ್ಮ ಎದ್ದು ಗೂಟದಲ್ಲಿದ್ದ ದಫೇದಾರನ ಪೇಟವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮದ್ದೂರಿನ ದಾರಿ ಹಿಡಿದಳು. ಪಾಕ ಹದಕ್ಕೆ ಬಂದಿತ್ತು. ಶಿವಣ್ಣ ಒಲೆ ಬಿಟ್ಟು ಅವಳ ಹಿಂದೆ ಓಡಿದ.

"ಎಲ್ಗವ್ವ? ಪಾಕ ಸೀದೋಯ್ತದೆ. ನಮ್ ಸರದಿ ಮುಗೀತಲ್ಲವ್ವ!"

"ಎಲ್ ಮುಗೀತ್ಲಾ" ಎಂದಳು ಅವಳು, ನಡೆಯುತ್ತಲೇ. "ನಮ್ ಸರದಿಗೆ ಓಗಿರೋನು ಯಾರು ಅಂತ ಕೇಳ್ಕೊಂಡ್ ಬರಬ್ಯಾಡ್ವಾ?"

ಶಿವಣ್ಣ ಒಂದು ಗಳಿಗೆ ನಿಂತ. ಆಮೇಲೆ ಅವನೂ ಅವಳ ಹಿಂದೆ ನಡೆದ. ಅಂದಿನ ಪಾಕ ಸೀದುಹೋಯಿತು.